‘ಬರಲಾಗುವುದಿಲ್ಲ’ ಎಂಬ ಬಟನ್

ಗಾಲಿಹ್ ಎರಡು ಬಟನ್ ಬರೆದಿದ್ದ, ಬಾಣ ಎಳೆದದ್ದು ಒಂದಕ್ಕೇ. ಹಸಿರು ಬಟನ್ನಿನ ಮೇಲೆ ‘ಬರುತ್ತೇನೆ’ ಎಂದಿತ್ತು. ಅದರಿಂದ ಹೊರಟ ಬಾಣ ಪಕ್ಕದ ಚಿತ್ರಕ್ಕೆ ಹೋಗಿ ತಾಗುತ್ತಿತ್ತು. ಅಲ್ಲೊಂದು ಹಬೆಯಾಡುವ ಅನ್ನದ ಬುಟ್ಟಿ, ಕೆಳಗೆ ‘ಧನ್ಯವಾದಗಳು, ಅಡುಗೆಮನೆ ನಿಮಗಾಗಿ ಕಾದಿದೆ’ ಎಂಬ ಸಾಲು. ಬೂದು ಬಟನ್ನಿನ ಮೇಲೆ ‘ಬರಲಾಗುವುದಿಲ್ಲ’ ಎಂದಿತ್ತು. ಅದರಿಂದ ಏನೂ ಹೊರಟಿರಲಿಲ್ಲ. ಹೊರಡಿಸಬೇಕೆಂದು ಅವನು ಬೆಳಗಾಗುವ ಮುಂಚಿನಿಂದ ಎಷ್ಟೋ ಸಲ ಅದರ ಅಂಚು ಹಿಡಿದು ಎಳೆದಿದ್ದ. ಎಳೆದ ಗೆರೆ ಲ್ಯಾಪ್‌ಟಾಪಿನ ಖಾಲಿ ಜಾಗದಲ್ಲಿ ಕೊಂಚ ಅಲೆದಾಡಿ, ಬೆರಳು ಬಿಟ್ಟ ಕೂಡಲೇ ಸುರ್ರನೆ ಹಿಂದಕ್ಕೋಡಿ ಬಟನ್ನಿನೊಳಗೆ ಸೇರಿಕೊಳ್ಳುತ್ತಿತ್ತು. ಬರಲಾಗುವುದಿಲ್ಲ ಎಂದವರಿಗೆ ಮುಂದೆ ಏನು ತೋರಿಸುವುದು? ‘ಪರವಾಗಿಲ್ಲ’ ಎನ್ನುವುದೇ? ಪರವಾಗಿಲ್ಲ ಎಂದರೆ ನೀವು ಬಾರದಿದ್ದರೂ ನಡೆಯುತ್ತದೆ, ನಿಮ್ಮ ಹಂಗೇನೂ ನಮಗಿಲ್ಲ ಎಂದಂತಾಗುವುದಿಲ್ಲವೇ? ‘ಛೆ, ಬೇಸರವಾಯಿತು’ ಎಂದರೆ ಅದೂ ಚುಚ್ಚಿದಂತೆಯೇ. ಸೋಲೋ ಊರಿನಲ್ಲಿ ಹುಟ್ಟಿ, ಇಲ್ಲಿಯ ಸಿಹಿ ಟೀ ಕುಡಿದು ಬೆಳೆದು, ಮೂವತ್ತು ದಾಟಿದ ಮೇಲೂ ಯಾರಾದರೂ ಯಾರ ಮುಖಕ್ಕಾದರೂ ‘ನನ್ನ ಕೈಲಿ ಆಗಲ್ಲ’ ಎಂದದ್ದನ್ನು ಅವನು ಕೇಳಿರಲಿಲ್ಲ. ಕೇಳಿಯೇ ಇಲ್ಲದ್ದನ್ನು ಚಿತ್ರ ಬರೆ ಎಂದರೆ ಹೇಗೆ ಬರೆಯುವುದು. ಆ ಬಟನ್ನನ್ನು ಹಾಗೇ ಬಿಟ್ಟು ಅವನು ಚಿತ್ರಗಳನ್ನು ಫೋನಿಗಿಳಿಸಿ, ಅದನ್ನು ಜೇಬಿಗೆ ಹಾಕಿಕೊಂಡು ಎದ್ದ.

ಬಿಡಬಾರದಾಗಿತ್ತು ಎಂದು ಮೆಟ್ಟಿಲಿಳಿಯುವಾಗಲೇ ಅನ್ನಿಸಿತು. ಪ್ರೋಟೋಟೈಪು ಎಂದರೆ ಆ್ಯಪ್ ಅಲ್ಲ, ಆ್ಯಪಿನ ವೇಷ. ಚಿತ್ರ ಮುಟ್ಟಿದರೆ ಇನ್ನೊಂದು ಚಿತ್ರ ಬರುವಂತೆ ಬಾಣಗಳಿಂದ ಹೆಣೆದದ್ದು, ಒಳಗೆ ನೋಡಿದರೆ ಸೊನ್ನೆ. ಆದರೂ ಜನ ಅದನ್ನು ಮುಟ್ಟುವಾಗ ಎಲ್ಲಿ ಎಡವುತ್ತಾರೆ ಎಂದು ನೋಡಿದರೆ ನಿಜವಾದದ್ದು ಕಟ್ಟುವ ಮುಂಚೆಯೇ ತಪ್ಪು ತಿಳಿಯುತ್ತದೆ. ಇವನ ಆ್ಯಪು ಮದುವೆಮನೆಯ ಅಡುಗೆಗೆ ಕೇರಿಯ ಹೆಂಗಸರನ್ನು ಕರೆಯುವುದಕ್ಕೆ. ನಮ್ಮಲ್ಲಿ ಅದಕ್ಕೆ ರೆವಾಂಗ್ ಅನ್ನುತ್ತಾರೆ: ಕೂಲಿಯಿಲ್ಲ, ಕರೆಯಷ್ಟೇ, ಮನೆಯೊಡತಿ ಬಾಗಿಲು ಬಾಗಿಲಿಗೆ ಹೋಗಿ ಕರೆದರೆ ಕೇರಿಯೇ ಬಂದು ಈರುಳ್ಳಿ ಸುಲಿಯುತ್ತದೆ, ತೆಂಗು ತುರಿಯುತ್ತದೆ, ಊರ ಸುದ್ದಿಯನ್ನೆಲ್ಲ ಹುರಿದು ಮುಕ್ಕುತ್ತದೆ. ಇದನ್ನು ಒಂದೇ ಒತ್ತಿನಲ್ಲಿ ಮುಗಿಸಬೇಕೆಂಬುದು ಕಂಪನಿಯ ಯಜಮಾನ ಪಾ ಸಿನುರಾತ್ ಅವರ ಆಸೆ. ಅವರು ಮೇದಾನ್ ಕಡೆಯವರು, ದೊಡ್ಡ ಗಂಟಲು, ದೊಡ್ಡ ನಗು, ಆಡಿದ ಮಾತಿಗೆ ಆಡಿದಷ್ಟೇ ಅರ್ಥ ಎಂದು ನಂಬಿದ ಪುಣ್ಯಾತ್ಮ. "ಮೊದಲ ಸಲ ನಿಜವಾದ ಮದುವೆಯಲ್ಲೇ ಓಡಿಸೋಣ. ಯಾರ ಮನೇಲಾದ್ರೂ ಮದುವೆ ಇದ್ಯಾ?" ಎಂದು ಅವರು ಕೇಳಿದಾಗ ಆಫೀಸಿನ ಅಷ್ಟೂ ಕಣ್ಣು ಗಾಲಿಹ್ ಕಡೆ ತಿರುಗಿತ್ತು. ತಂಗಿ ಲಿಂತಾಂಗಳ ಮದುವೆ ಮುಂದಿನ ತಿಂಗಳು. ಬೇಡ ಪಾ, ಅಮ್ಮನ ಒಬ್ಬಳೇ ಮಗಳ ಮದುವೆ, ಅದರಲ್ಲಿ ಆಟ ಬೇಡ ಎಂದು ಹೇಳಲು ಬಾಯಿ ತೆರೆದ; ಹೊರಗೆ ಬಂದದ್ದು "ಆಗಬಹುದು ಪಾ" ಎಂದು. ಮನೆಗೆ ಬಂದು ಅಮ್ಮನನ್ನು ಕೇಳಿದರೆ ಅಮ್ಮ "ಆಗಲಿ" ಎಂದರು. ಈ ‘ಆಗಲಿ’ ಎಂಬುದು ನಮ್ಮೂರಲ್ಲಿ ಎಂಥ ಮಾತು ಎಂದು ಮೇದಾನಿನವರಿಗೆ ಗೊತ್ತಿರಲಿಕ್ಕಿಲ್ಲ, ಗಾಲಿಹ್‌ಗೆ ಗೊತ್ತು. ಕೇರಿಯವರೆಲ್ಲ ಫೋನಿನಲ್ಲಿ ಇದೇ ‘ಆಗಲಿ’ಯನ್ನು ಒತ್ತಿಬಿಟ್ಟು ಮದುವೆಯ ದಿನ ಬಾರದೇ ಹೋದರೆ? ಪರದೆ ತುಂಬ ಹಸಿರೋ ಹಸಿರು, ಅಡುಗೆಮನೆಯಲ್ಲಿ ಅಮ್ಮ ಒಬ್ಬರೇ. ಅದಕ್ಕೇ ಇವತ್ತು ಸಂಜೆಯೊಳಗೆ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಇದು ಚೆನ್ನಾಗಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಅದನ್ನೇ ಹಿಡಿದುಕೊಂಡು ಪಾ ಸಿನುರಾತ್ ಎದುರು ನಿಂತುಬಿಡಬಹುದು. ಸೋಮವಾರದಿಂದ ಆ್ಯಪ್ ಕಟ್ಟುವ ಕೆಲಸ ಶುರು, ಆಮೇಲೆ ಯಾರು ಏನು ಹೇಳಿಯೂ ಉಪಯೋಗವಿಲ್ಲ.

"ಅಯ್ಯೋ, ಎಷ್ಟು ಚೆನ್ನಾಗಿದೆ ಮಾಸ್!" ಎಂದರು ಬು ನಾರ್ತಿ, ಫೋನು ಇನ್ನೂ ಅವರ ಕೈ ಸೇರುವ ಮುಂಚೆ. ಅವರದು ಗಲ್ಲಿಯ ತುದಿಯ ಮನೆ, ಅಂಗಳದ ತುಂಬ ಅಕ್ಕಿ ಹಪ್ಪಳ ಒಣಗುತ್ತಿತ್ತು. ಹಿರಿಯ ಗಂಡಸರಿಗೆ ಪಾ, ಹೆಂಗಸರಿಗೆ ಬು, ಹರೆಯದ ಗಂಡಸರಿಗೆ ಮಾಸ್ ಎನ್ನುವುದು ನಮ್ಮ ಕಡೆಯ ಮರ್ಯಾದೆ.

"ಇನ್ನೂ ನೋಡೇ ಇಲ್ವಲ್ಲ ಬು."

"ನೀವು ಮಾಡಿದ್ದು ಅಂದ್ಮೇಲೆ ನೋಡೋದೇನು ಬಂತು? ಕೂತ್ಕೊಳ್ಳಿ, ಟೀ ತರ್ತೀನಿ."

ಅದು ಅವನ ಆ ಬೆಳಗಿನ ಮೂರನೆಯದೋ ನಾಲ್ಕನೆಯದೋ ಟೀ. ಹೊಟ್ಟೆಯೊಳಗೆ ಸಕ್ಕರೆ ನೀರು ಅಲ್ಲಾಡುವುದು ಕೇಳಿಸುತ್ತಿತ್ತು. ಕುಡಿಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ಪೂರ್ತಿ ಕುಡಿದರೆ ಇನ್ನೊಂದು ತರುತ್ತಾರೆ. ಅರ್ಧ ಕುಡಿದು ಲೋಟವನ್ನು ಕೈಯಲ್ಲೇ ಹಿಡಿದಿರುವುದು ಅವನು ಚಿಕ್ಕಂದಿನಲ್ಲೇ ಕಲಿತ ವಿದ್ಯೆ. ಕಂಪನಿಯವರು ಕಲಿಸಿದ ಮಾತನ್ನು ಅವನು ಗಿಳಿಪಾಠ ಒಪ್ಪಿಸಿದ: "ನಾನು ಪರೀಕ್ಷೆ ಮಾಡ್ತಿರೋದು ನಿಮ್ಮನ್ನಲ್ಲ ಬು, ಇದನ್ನ. ತಪ್ಪು ಕಂಡ್ರೆ ದಯವಿಟ್ಟು ಬೈದುಬಿಡಿ." ಬು ನಾರ್ತಿ ಪರದೆಯ ಮೂಲೆಯನ್ನು ಬೆರಳಲ್ಲಿ ಸವರುತ್ತ ಕಣ್ಣರಳಿಸಿ ಕೇಳಿದರು. ಇಷ್ಟು ಓದಿದ ಹುಡುಗನಿಗೆ ಎಷ್ಟೊಂದು ವಿನಯ ಎಂಬ ಮೆಚ್ಚುಗೆ ಅವರ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಈಗ ಇಂಥವರ ಬಾಯಿಂದ ಬೈಗುಳ ಹೊರಡುವ ಮಾತೆಲ್ಲಿ ಬಂತು.

"ಸರಿ. ಈಗ ಲಿಂತಾಂಗ್ ಮದುವೆ ದಿನ ನಿಮಗೆ ಬರೋಕಾಗಲ್ಲ ಅಂತ ಇಟ್ಕೊಳ್ಳಿ. ಇದ್ರಲ್ಲಿ ಏನು ಮಾಡ್ತೀರಿ?"

"ಯಾಕಾಗಲ್ಲ? ಬರ್ತೀನಲ್ಲ."

"ಸುಮ್ನೆ ಇಟ್ಕೊಳ್ಳಿ ಬು. ಊರಲ್ಲಿ ಇರಲ್ಲ ಅಂತ."

ಬು ನಾರ್ತಿಯವರ ಮುಖ ಸಣ್ಣಗಾಯಿತು. ಕೈಯಲ್ಲಿದ್ದ ಫೋನನ್ನು ಮಡಿಲಿಗಿಳಿಸಿದರು. "ಯಾರು ಹೇಳಿದ್ದು ನಿಮಗೆ?"

"ಏನನ್ನ?"

"ನಾನು ಬರಲ್ಲ ಅಂತ. ನಿಮ್ಮ ಅಮ್ಮನಿಗೆ ಯಾರೋ ಚಾಡಿ ಹೇಳಿದ್ದಾರೆ. ಹೋದ ವರ್ಷ ಆ ಮದುವೇಲಿ ನಾನು ಬೇಗ ಎದ್ದು ಹೋದೆ ಅಂತ ತಾನೆ? ನನಗೆ ಸೊಂಟ ಹಿಡ್ಕೊಂಡಿತ್ತು ಮಾಸ್, ಆಣೆ ಮಾಡಿ ಹೇಳ್ತೀನಿ." ಹೀಗೆಂದು ಅವರು ಫೋನನ್ನೆತ್ತಿ ಹಸಿರು ಬಟನ್ನನ್ನು ಒಂದಲ್ಲ ಎರಡಲ್ಲ, ಇಡೀ ಕೇರಿಗೆ ಕೇಳಿಸಬೇಕೆಂಬಂತೆ ಒತ್ತಿ ಒತ್ತಿ ಒತ್ತಿ ಅವನ ಕೈಗಿತ್ತರು. ಅವನು ತಪ್ಪಾಯಿತೆಂದು ಕೈಮುಗಿದು, ಅವರು ಕಟ್ಟಿಕೊಟ್ಟ ಹಪ್ಪಳದ ಪೊಟ್ಟಣ ಹಿಡಿದು ಹೊರಟ. ಫೋನನ್ನು ತೆರೆದು ಬರೆದುಕೊಂಡ: ಕೆಲಸ ಯಶಸ್ವಿಯಾಗಿ ಮುಗಿಸಿದರು, ತೊಂದರೆ ಏನೂ ಇಲ್ಲ.

ಬೇಡ ಎಂಬ ಮಾತನ್ನು ಬೇಡ ಎನ್ನದೆ ಹೇಳುವುದರಲ್ಲಿ ನಮ್ಮೂರಿನವರನ್ನು ಮೀರಿಸಿದವರು ಯಾರೂ ಇಲ್ಲ ಎಂಬುದನ್ನು ಅವನು ಬೆಲೆ ತೆತ್ತು ಕಲಿತಿದ್ದ. ಕಿನಾಸಿಹ್ ಎಂಬ ಹುಡುಗಿ. ಲಾವೆಯಾನ್ ಬಡಾವಣೆಯ ಆಫೀಸಿನ ಕೆಳಗೆ ಮುಚ್ಚಿದ ಬಟ್ಟೆಯಂಗಡಿಯ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಸೆರಾಬಿ ದೋಸೆ ತಿನ್ನುತ್ತಿದ್ದಾಗ, ತುಟಿಯ ಮೇಲಿನ ತೆಂಗಿನ ಹಾಲೊರೆಸಿಕೊಂಡು, ನಾವಿಬ್ಬರೂ ಮದುವೆಯಾದರೆ ಹೇಗೆ ಎಂದು ಕೇಳಿಯೇಬಿಟ್ಟಿದ್ದ. ಅವಳು ಹೌದೂ ಅಲ್ಲದ ಇಲ್ಲವೂ ಅಲ್ಲದ ನಗುವನ್ನು ನಕ್ಕು "ಯೋಚನೆ ಮಾಡ್ತೀನಿ ಮಾಸ್" ಎಂದಿದ್ದಳು. ಬೇಸಿಗೆ ಕಳೆಯಿತು, ಮಳೆ ಬಂತು, ಮತ್ತೆ ಬೇಸಿಗೆ ಬಂತು, ಅವಳು ಯೋಚಿಸುತ್ತಲೇ ಇದ್ದಾಳೆಂದು ಈ ಪುಣ್ಯಾತ್ಮ ಕಾದ. ಒಂದು ದಿನ ಬಂದು, ಮಾಸ್ ನೀವು ತುಂಬ ಚೆನ್ನಾಗಿ ಚಿತ್ರ ಬರೀತೀರಲ್ಲ, ನನ್ನ ಮದುವೆ ಕರೆಯೋಲೆ ಬರೆದುಕೊಡ್ತೀರಾ ಎಂದಳು. ಬರೆದುಕೊಟ್ಟ. ಕಂದು ಹಾಳೆ, ಬಂಗಾರದ ಅಂಚು, ಮೂಲೆಯಲ್ಲಿ ಎರಡು ಹಕ್ಕಿ. ಮದುಮಗನ ಹೆಸರನ್ನು ಯಾವ ಅಕ್ಷರದಲ್ಲಿ ಹಾಕಿದರೆ ಹೆಚ್ಚು ಚೆಂದ ಎಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದ ಕೂಡ. ಕೊಡುವಾಗ "ಇಷ್ಟ ಆಯ್ತಾ?" ಎಂದರೆ "ತುಂಬಾ" ಎಂದಳು, ಅದು ಇಷ್ಟವಾಗಿತ್ತೋ ಇಲ್ಲವೋ ಇವತ್ತಿಗೂ ಅವನಿಗೆ ಗೊತ್ತಿಲ್ಲ. ಈಗ ಮದುವೆಯಲ್ಲಿ ತಂಗಿ ಅವನನ್ನು ದಾಟಿ ಮುಂದೆ ಹೋಗುತ್ತಿದ್ದಾಳೆ. ಹಾಗೆ ದಾಟುವ ತಂಗಿ ಅಣ್ಣನಿಗೆ ಉಡುಗೊರೆ ಕೊಡಬೇಕು, ಪದ್ಧತಿ. "ಏನು ಬೇಕು ಮಾಸ್, ಹೇಳು" ಎಂದು ಲಿಂತಾಂಗ್ ದಿನಾ ಪೀಡಿಸುತ್ತಾಳೆ, ಇವನು ದಿನಾ "ಏನಾದ್ರೂ ಸರಿ" ಎನ್ನುತ್ತಾನೆ. ಏನಾದರೂ ಸರಿಯಲ್ಲ. ಒಂದು ಒಳ್ಳೆಯ ಕುರ್ಚಿ ಬೇಕು ಅವನಿಗೆ, ಬೆನ್ನು ನೋಯುತ್ತದೆ. ಅಷ್ಟು ಹೇಳಲು ಏನಾಗಿದೆ ಧಾಡಿ ಎಂದು ತನ್ನನ್ನೇ ಬೈದುಕೊಂಡು ಗಾಲಿಹ್ ಬು ರುಕ್ಮಿಯವರ ಗೇಟು ತೆರೆದ.

ಇವರ ಮೇಲೆ ಅವನು ಬೆಟ್ಟದಷ್ಟು ಆಸೆ ಇಟ್ಟುಕೊಂಡಿದ್ದ. ಬು ರುಕ್ಮಿ ಸುರಬಾಯದವರು, ಅಲ್ಲಿಯವರ ಬಾಯಿಗೆ ಬಾಗಿಲಿಲ್ಲವೆಂದು ಪ್ರಸಿದ್ಧಿ. ಈ ಕೇರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ನೆಂಟರೆಲ್ಲ ಸಾಲಾಗಿ ಕೂತು ಉಣ್ಣುತ್ತಿದ್ದಾಗ, ಅತ್ತೆ ಮಾಡಿದ ಸಾರಿಗೆ ಉಪ್ಪೇ ಇಲ್ಲ ಎಂದು ಗಟ್ಟಿಯಾಗಿ ಹೇಳಿಬಿಟ್ಟಿದ್ದರಂತೆ. ಗಾಲಿಹ್ ಹುಟ್ಟುವ ಮುಂಚಿನ ಕತೆ ಅದು, ಇವತ್ತಿಗೂ ಹೆಂಗಸರು ತೆಂಗು ತುರಿಯುವಾಗ ಅದನ್ನು ಹೇಳಿಕೊಂಡು ನಗುತ್ತಾರೆ. ಸಾರಿಗೆ ಉಪ್ಪಿಲ್ಲ ಎಂದವರು ಆ್ಯಪಿನಲ್ಲಿ ಏನಿಲ್ಲ ಎಂದು ಹೇಳದೆ ಇರುತ್ತಾರೆಯೇ? ಆದರೆ ಬಾಗಿಲು ತೆರೆದವರನ್ನು ನೋಡಿದ ಕೂಡಲೇ ಆ ಬೆಟ್ಟ ಕರಗಿತು. ಬು ರುಕ್ಮಿ ನಡು ಬಗ್ಗಿಸಿ, ಬಲಗೈ ಮುಂದೆ ಚಾಚಿ, ಹೆಜ್ಜೆಯ ಸದ್ದೂ ಆಗದಂತೆ ಸರಿದು ಬಂದು, ನಮ್ಮ ಸೋಲೋದ ಹಳೆಯ ಅರಮನೆಯ ಹೆಂಗಸರು ಕೂಡ ಈಗ ಮರೆತಿರಬಹುದಾದ ಮೃದು ದನಿಯಲ್ಲಿ "ದಯಮಾಡಿಸಬೇಕು ಮಾಸ್, ನಮ್ಮ ಮನೆ ಹೊಲಸು, ಕೂರಲು ಜಾಗ ಕೂಡ ನೆಟ್ಟಗಿಲ್ಲ" ಎಂದರು. ಕನ್ನಡಿಯಂತೆ ಹೊಳೆಯುವ ನೆಲ. ಟೀ ಬಂತು.

ಅವರು ಫೋನನ್ನು ಎರಡೂ ಅಂಗೈಯಲ್ಲಿ ಪ್ರಸಾದದಂತೆ ಹಿಡಿದರು. ಗಾಲಿಹ್ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ. ಅವರು ಬಟನ್ ಮುಟ್ಟಲಿಲ್ಲ. ಹೆಬ್ಬೆರಳಿನಿಂದ ಪರದೆಯ ಮೂಲೆಯ ಖಾಲಿ ಜಾಗವನ್ನು ಒಮ್ಮೆ ಸವರಿದಂತೆ ಮುಟ್ಟಿದರು. ಮೊದಲ ಚಿತ್ರದ ‘ಮುಂದೆ’ ಎಂಬ ಬಟನ್ನಿನ ಸುತ್ತ ನೀಲಿ ಬೆಳಕು ಒಂದು ಕ್ಷಣ ಮಿನುಗಿ ಮಾಯವಾಯಿತು. "ಕ್ಷಮಿಸಬೇಕು" ಎಂದು ಫೋನಿಗೆ ಹೇಳಿ, ಬು ರುಕ್ಮಿ ನೀಲಿ ಮಿನುಗಿದಲ್ಲೇ ಒತ್ತಿದರು. ಮುಂದಿನ ಚಿತ್ರ. ಮತ್ತೆ ಖಾಲಿ ಮೂಲೆ, ಮತ್ತೆ ನೀಲಿ, ಮತ್ತೆ ಕ್ಷಮಿಸಬೇಕು, ಈ ಸಲ ಹಸಿರು ಬಟನ್. ಅನ್ನದ ಬುಟ್ಟಿ ಹಬೆಯಾಡಿತು. ಒಂದು ತಪ್ಪಿಲ್ಲ.

"ಬು, ಮೊದಲು ಮೂಲೇಲಿ ಯಾಕೆ ಮುಟ್ತೀರಿ?"

"ಎಲ್ಲಿ ಒತ್ತಬೇಕು ಅಂತ ಅದೇ ತೋರಿಸುತ್ತಲ್ಲ ಮಾಸ್. ಸುಮ್ನೆ ಪಕ್ಕದಲ್ಲಿ ಮುಟ್ಟಿ ನೋಡಿದ್ರೆ ಅದಕ್ಕೇನು ಬೇಕು ಅಂತ ಗೊತ್ತಾಗುತ್ತೆ. ಅದನ್ನೇ ಕೊಟ್ರಾಯ್ತು." ಅವರು ದನಿಯನ್ನು ಇನ್ನಷ್ಟು ತಗ್ಗಿಸಿದರು. "ನಾರ್ತಿನೂ ಹಾಗೇ ಮಾಡಿದ್ಲಂತೆ, ಈಗ ತಾನೇ ಫೋನ್ ಮಾಡಿದ್ಲು. ತುಂಬ ಒಳ್ಳೇ ಆ್ಯಪು ಮಾಸ್. ಮನಸ್ಸಲ್ಲಿ ಇರೋದನ್ನ ಮುಚ್ಚಿಡಲ್ಲ."

ಗಾಲಿಹ್ ಕಕ್ಕಾಬಿಕ್ಕಿಯಾದ. ಆ ನೀಲಿ ಮಿನುಗು ಅವನು ಬರೆದದ್ದಲ್ಲ, ಅವನು ಬಳಸುವ ಸಾಫ್ಟ್‌ವೇರಿನಲ್ಲೇ ಇರುವಂಥದ್ದು: ಬಾಣವಿಲ್ಲದ ಕಡೆ ಬೆರಳಿಟ್ಟರೆ, ಬಾಣವಿರುವ ಕಡೆಯೆಲ್ಲ ಮಿನುಗಿ ಇಲ್ಲಿ ಬನ್ನಿ ಎನ್ನುತ್ತದೆ. ಸೆಟ್ಟಿಂಗಿನಲ್ಲಿ ಒಂದು ಗುರುತು ತೆಗೆದರೆ ನಿಲ್ಲುತ್ತದೆ, ತೆಗೆಯಲು ಮರೆತಿದ್ದ. ಬೂದು ಬಟನ್ನಿಗೆ ಬಾಣವೇ ಇಲ್ಲ, ಅದು ಎಂದೂ ಮಿನುಗುವುದಿಲ್ಲ. ಅಂದರೆ ಬೆಳಗಿನಿಂದ ಅವನು ಇಷ್ಟು ಮನೆ ಸುತ್ತಿ, ಇಷ್ಟು ಟೀ ಕುಡಿದು, ಕೇರಿಯ ಹೆಂಗಸರಿಗೆಲ್ಲ ತನಗೆ ಬೇಕಾದ ಉತ್ತರವನ್ನು ತಾನೇ ತೋರಿಸಿ, ಅವರು ಅದನ್ನೇ ಹಿಂದಕ್ಕೆ ಕೊಟ್ಟರೆ ಯಶಸ್ವಿ ಎಂದು ಬರೆದುಕೊಂಡಿದ್ದ.

"ಬು ರುಕ್ಮಿ, ಒಂದೇ ಒಂದು ಸಲ," ಅವನು ಹೆಚ್ಚುಕಡಿಮೆ ಅಂಗಲಾಚಿದ, "ಸುರಬಾಯದವರ ಹಾಗೆ ಹೇಳಿ. ಸಾರಿಗೆ ಉಪ್ಪಿಲ್ಲ ಅಂದ್ರಲ್ಲ, ಹಾಗೆ."

ಅವರು ಕಿಟಕಿಯ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲ ಸಲ ನಿಜವಾಗಿ ನಕ್ಕರು. "ಆ ರುಕ್ಮಿ ಸತ್ತು ಎಷ್ಟೋ ಕಾಲ ಆಯ್ತಪ್ಪ. ಅವತ್ತಿಂದ ಅತ್ತೆ ಸಾಯೋವರೆಗೂ ನಾನು ಮಾಡಿದ ಅಡುಗೆಗೆ ‘ಉಪ್ಪು ಸರಿಯಾಗಿದ್ಯಾ ಸೊಸೇ’ ಅಂತ ದಿನಾ ನಗ್ತಾ ಕೇಳ್ತಿದ್ರು. ದಿನಾ. ಒಂದು ದಿನ ಬಿಟ್ಟಿಲ್ಲ. ಇನ್ನು ಈ ಬಾಯಿಂದ ಉಪ್ಪಿನ ಸುದ್ದಿ ಬರಲ್ಲ ಮಾಸ್. ಇನ್ನೊಂದ್ ಟೀ ತರ್ಲಾ?"

ಬಿಸಿಲಲ್ಲಿ ಮನೆ ಕಡೆ ನಡೆಯುತ್ತ ಅವನಿಗೆ ತನ್ನ ಮುಖದ ಮೇಲೇ ಅನುಮಾನ ಬಂತು. ಜನ ಇವನ ಪಕ್ಕದಲ್ಲೂ ಹೀಗೇ ಒಂದು ಬೆರಳು ಮುಟ್ಟಿಸಿ, ಇವನಿಗೇನು ಬೇಕೆಂದು ನೋಡಿಕೊಂಡು, ಅದನ್ನೇ ಕೊಡುತ್ತ ಬಂದಿದ್ದಾರೆಯೇ? ಕಿನಾಸಿಹ್ ಕರೆಯೋಲೆ ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಓಲೆಯನ್ನಲ್ಲ, ಅವನ ಮುಖವನ್ನು. ಅಮ್ಮನನ್ನು ಈ ಮದುವೆಯ ಬಗ್ಗೆ ಕೇಳಿದ ದಿನವನ್ನು ಅವನು ನೆನಪಿಗೆ ತಂದುಕೊಂಡ, ತಂದುಕೊಳ್ಳಬಾರದಿತ್ತು ಅನ್ನಿಸಿತು. ಅಮ್ಮ ಹಿತ್ತಲಲ್ಲಿ ಅನ್ನ ಬೇಯಿಸುವ ದೊಡ್ಡ ಪಾತ್ರೆಗಳನ್ನು ಇಳಿಸಿ ಬೂದಿ ಹಾಕಿ ಉಜ್ಜುತ್ತಿದ್ದರು, ಯಾವುದೋ ಹಾಡು ಗುನುಗುತ್ತಿದ್ದರು. ಇವನು ಹೋಗಿ ಹೇಗೆ ಕೇಳಿದ? "ಅಮ್ಮ, ಇದೊಂದು ಚೆನ್ನಾಗಿ ಆಗಿಬಿಟ್ರೆ ಪಾ ಸಿನುರಾತ್ ನನ್ನನ್ನ ಮೇಲಿನ ಕೆಲಸಕ್ಕೆ ಹಾಕ್ತಾರಂತೆ. ಕೇರಿಯವರನ್ನ ಫೋನಲ್ಲೇ ಕರೆದ್ರೆ ಆಗಬಹುದಾ?" ನೀಲಿ ಮೊದಲು, ಪ್ರಶ್ನೆ ಆಮೇಲೆ. ಗುನುಗು ನಿಂತಿತ್ತು ಎಂಬುದು ಈಗ ನೆನಪಾಯಿತು. ಅವತ್ತು ಅವನು ಕೇಳಿಸಿಕೊಂಡದ್ದು ‘ಆಗಲಿ’ ಎಂಬುದನ್ನು ಮಾತ್ರ. ಎಂಥ ಮಗ ನಾನು, ಎಂದುಕೊಂಡ. ಅಷ್ಟರಲ್ಲಿ ಜೇಬು ನಡುಗಿತು, ಪಾ ಸಿನುರಾತ್ ಅವರ ದನಿ ಕಿವಿಗೆ ಅಪ್ಪಳಿಸಿತು.

"ಹೇಗಾಯ್ತಯ್ಯಾ? ಎಲ್ಲರೂ ಹೌದು ಅಂದ್ರಾ?"

"ಅಂದ್ರು ಪಾ."

"ಒಬ್ಬರೂ ಇಲ್ಲ ಅನ್ಲಿಲ್ವಾ?"

"ಇಲ್ಲ ಪಾ. ಆದ್ರೆ..."

"ಆದ್ರೆ ಏನು?"

ನಮ್ಮೂರಿನವರಾಗಿದ್ದರೆ ಆ ‘ಆದ್ರೆ’ಯ ಹಿಂದಿನ ಮೌನದಲ್ಲೇ ಎಲ್ಲ ತಿಳಿದುಕೊಂಡು, ಮದುವೆಯ ಮಾತೇ ಎತ್ತದೆ ಹವಾಮಾನದ ಬಗ್ಗೆ ಮಾತಾಡಿ ಫೋನಿಡುತ್ತಿದ್ದರು. ಪಾ ಸಿನುರಾತ್ ಪಾಪ ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. ಗಾಲಿಹ್ "ಏನಿಲ್ಲ ಪಾ" ಎಂದ.

"ಭೇಷ್! ಅಮ್ಮ ಒಪ್ಪಿದ್ದಾರೆ ತಾನೇ? ಇನ್ನೊಂದ್ಸಲ ಕೇಳಿ ಸಂಜೆಯೊಳಗೆ ತಿಳಿಸು. ಸೋಮವಾರ ಹುಡುಗ್ರನ್ನ ಕೂರಿಸಿಬಿಡ್ತೀನಿ."

ಮನೆಗೆ ಬಂದವನು ಅಂಗಿಯನ್ನೂ ತೆಗೆಯದೆ ಲ್ಯಾಪ್‌ಟಾಪಿನ ಮುಂದೆ ಕುಳಿತ. ಮೊದಲು ಆ ಗುರುತು ತೆಗೆದು ನೀಲಿಯನ್ನು ಕೊಂದ. ಆಮೇಲೆ ಹೊಸದೊಂದು ಪರದೆ, ಜಗತ್ತಿನಲ್ಲಿ ಒಬ್ಬರೇ ಒಬ್ಬರಿಗಾಗಿ. ‘ಲಿಂತಾಂಗಳ ಮದುವೆಗೆ ಕೇರಿಯವರನ್ನು ಫೋನಿನಲ್ಲಿ ಕರೆಯೋಣವೇ?’ ಕೆಳಗೆ ‘ಹೌದು’, ‘ಬೇಡ’. ಎರಡಕ್ಕೂ ಒಂದೇ ಬೂದು, ಒಂದೇ ಅಳತೆ. ಹೌದನ್ನು ಬಲಕ್ಕಿಟ್ಟರೆ ಬಲಗೈ ಶುಭ, ಅಮ್ಮ ಅದನ್ನೇ ಒತ್ತುತ್ತಾರೆ. ಎಡಕ್ಕಿಟ್ಟರೆ ಓದುವಾಗ ಮೊದಲು ಸಿಗುವುದು ಅದೇ. ಒಂದರ ಮೇಲೊಂದಿಟ್ಟರೆ ಮೇಲಿನದು ಹಿರಿದು, ಹಿರಿಯರಿಗೆ ನಮ್ಮ ಕಡೆ ಎದುರಾಡುವುದುಂಟೇ? ಬಟನ್ನುಗಳನ್ನು ಅತ್ತ ಇತ್ತ ಓಡಾಡಿಸಿ ಓಡಾಡಿಸಿ ಸಾಕಾಗಿ, ಕಣ್ಣು ಮುಚ್ಚಿಕೊಂಡು ಬಿಟ್ಟಲ್ಲಿ ಬಿಟ್ಟ. ‘ಹೌದು’ ಎಂಬುದರ ಬಾಣ ಅನ್ನದ ಬುಟ್ಟಿಗೆ. ‘ಬೇಡ’ ಎಂಬುದರ ಅಂಚು ಹಿಡಿದು ಎಳೆದ, ಗೆರೆ ಖಾಲಿಯಲ್ಲಿ ತೂಗಾಡಿತು. ಈ ಸಲ ಬಿಡಲಿಲ್ಲ. ಎಡಗೈಯಿಂದ ಗಡಿಬಿಡಿಯಲ್ಲಿ ಒಂದು ಬಿಳಿ ಪರದೆ ತಂದು, ಅದರ ಮೇಲೆ ‘ಸರಿ. ನಿಮ್ಮ ಮನಸ್ಸಿನಲ್ಲಿರುವುದನ್ನು ಇಲ್ಲಿ ಬರೆಯಿರಿ’ ಎಂದು ಒಂದು ಚೌಕ ಬರೆದು ಗೆರೆಯನ್ನು ಅದಕ್ಕೆ ಸಿಕ್ಕಿಸಿದ. ಆ ಚೌಕವೂ ಚಿತ್ರವೇ, ಅದರಲ್ಲಿ ಯಾರೂ ಏನೂ ಬರೆಯಲಾಗದು. ಇರಲಿ, ಅಲ್ಲಿಯವರೆಗೆ ಅಮ್ಮ ಹೋದರೆ ತಾನೇ.

ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಅಡುಗೆಮನೆಯ ಮಣೆಯ ಮೇಲೆ ಕೂತರು. ಪ್ರಶ್ನೆಯನ್ನು ತುಟಿಯಲ್ಲೇ ಓದಿದರು. ಆಮೇಲೆ, ಕೇರಿಯ ಸುದ್ದಿ ಆಗಲೇ ಮುಟ್ಟಿತ್ತೆಂಬಂತೆ, ಹೆಬ್ಬೆರಳು ನೇರ ಮೂಲೆಗೆ ಹೋಯಿತು. ಏನೂ ಮಿನುಗಲಿಲ್ಲ. ಇನ್ನೊಂದು ಮೂಲೆ. ಅಲ್ಲೂ ಇಲ್ಲ.

"ಇದು ಕೆಟ್ಟಿದ್ಯೇನೋ ಲೇ?"

"ಇಲ್ಲ ಅಮ್ಮ."

"ಏನೂ ತೋರಿಸ್ತಾನೇ ಇಲ್ಲ." ಅಮ್ಮ ಕನ್ನಡಕದ ಮೇಲಿಂದ ಅವನ ಮುಖವನ್ನೇ ನೋಡಿದರು. ಹುಬ್ಬಿನಿಂದ ಗಲ್ಲದವರೆಗೆ, ಅಂಗಡಿಯಲ್ಲಿ ಬಟ್ಟೆ ನೋಡುವಷ್ಟು ನಿಧಾನವಾಗಿ. "ನೀನೇನಂತೀಯಾ?"

"ನಾನೇನೂ ಅನ್ನಲ್ಲ."

"ಏನೂ ಅನ್ನಲ್ಲ ಅಂದ್ರೆ?"

ಮುಖ ತನ್ನ ಮಾತು ಕೇಳುತ್ತಿಲ್ಲವೆಂದು ಗಾಲಿಹ್‌ಗೆ ಗೊತ್ತಾಯಿತು. ತುಟಿಯ ಒಂದು ಮೂಲೆ ಆಗಲೇ ಹೌದಿನ ಕಡೆ ವಾಲುತ್ತಿತ್ತು. ಅವನು ದಡಕ್ಕನೆ ಎದ್ದು ಹಿತ್ತಲಿಗೆ ಓಡಿದ. ತಂತಿಯ ಮೇಲೆ ಆಗ ತಾನೇ ಹರವಿದ್ದ ಹಾಸುಬಟ್ಟೆ. ಅದರೊಳಗೆ ಮುಖ ಹುದುಗಿಸಿ, ಒದ್ದೆ ಸೋಪಿನ ವಾಸನೆ ಕುಡಿಯುತ್ತ ನಿಂತ. ಪಕ್ಕದ ಮನೆಯ ಕೋಳಿಯೊಂದು ಬಂದು ಅವನ ಕಾಲನ್ನು ಪರೀಕ್ಷಿಸಿ ಹೋಯಿತು. ಅಮ್ಮ ಬೇಡ ಎಂದರೆ ಮೇಲಿನ ಕೆಲಸ ಹೋಯಿತು, ಪಾ ಸಿನುರಾತ್ ಅವರ ಎದುರು ಮಾನ ಹೋಯಿತು. ಹೌದು ಎಂದರೆ ಅದು ಹೌದೇ ಎಂದು ಸಾಯುವವರೆಗೂ ಗೊತ್ತಾಗುವುದಿಲ್ಲ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಒಳಗಿಂದ ದನಿ ಬಂತು.

"ಲೇ."

"ಒತ್ತಿದ್ರಾ ಅಮ್ಮ?"

"ಒತ್ತಿದೆ. ಆದ್ರೆ ಇದ್ರಲ್ಲಿ ಅಕ್ಷರ ಬರ್ತಾ ಇಲ್ಲ."

ಅವನು ಹಾಸುಬಟ್ಟೆಯಿಂದ ಮುಖ ಹೊರತೆಗೆದ. ಅಕ್ಷರ ಬರೆಯುವ ಚೌಕ ಇರುವುದು ಒಂದೇ ಬಟನ್ನಿನ ಆಚೆ. ಅವನು ಒಳಗೆ ಬಂದು ನೋಡಿದ. ಅಮ್ಮ ತಲೆ ತಗ್ಗಿಸಿಕೊಂಡು ಆ ಚಿತ್ರದ ಚೌಕವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು.

"ಎಷ್ಟು ಒತ್ತಿದ್ರೂ ಬರ್ತಿಲ್ಲ," ಎಂದು ಅಮ್ಮ ಕನ್ನಡಕ ತೆಗೆದರು. "ಬಾಯಲ್ಲೇ ಹೇಳ್ಬಿಡ್ಲಾ?"

"ಹೇಳಿ ಅಮ್ಮ."

"ನಾನು ಮನೆ ಮನೆಗೆ ಹೋಗ್ಬೇಕು ಲೇ. ಇಷ್ಟು ವರ್ಷ ಅವರೆಲ್ಲ ನಮ್ಮನೆ ಬಾಗಿಲಿಗೆ ಬಂದು, ಕೂತು, ಟೀ ಕುಡಿದು, ವಾರ್ಸಿನಿ ನೀನು ಬರದೆ ನಮ್ಮನೆ ಒಲೆ ಉರಿಯಲ್ಲ ಅಂದಿದ್ದಾರೆ. ನಾನು ಹೋಗಿ ಅವರ ಹಸಿಮೆಣಸಿನಕಾಯಿ ಅರೆದು ಕೈ ಉರಿಸ್ಕೊಂಡಿದ್ದೀನಿ. ಒಂದು ದಿನ ನಾನೂ ಹಾಗೆ ಹೋಗಿ ಕೂತು ಕರೀತೀನಿ ಅಂತ ಆಸೆ ಇಟ್ಕೊಂಡಿದ್ದೆ. ನನಗಿರೋದು ಒಬ್ಬಳೇ ಮಗಳು. ನಿನ್ನ ಮದುವೆ ನಂಬ್ಕೊಂಡು ಕೂತ್ರೆ ನನ್ನ ಕಾಲು ಬಿದ್ದುಹೋಗುತ್ತೆ. ಅದಕ್ಕೇ ಅಂತ ಹಸಿರು ಕೆಬಾಯ ಕುಪ್ಪಸ ಹೊಲಿಸಿಟ್ಟಿದ್ದೀನಿ. ಫೋನಲ್ಲಿ ಕರೆದ್ರೆ ಅದನ್ನ ತೊಟ್ಕೊಂಡು ಎಲ್ಲಿಗೆ ಹೋಗ್ಲಿ? ನೀನು ಮಾತ್ರ ಬೆಳಗಿಂದ ಮನೆ ಮನೆ ಸುತ್ತಿ ಬಂದ್ಯಲ್ಲ!" ಅಮ್ಮನ ದನಿ ನಡುಗಿತು, ಆದರೆ ಅಮ್ಮ ಅಳುತ್ತಿರಲಿಲ್ಲ, ಅಮ್ಮನಿಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷದಲ್ಲಿ ಅಮ್ಮನಿಗೆ ಸಿಟ್ಟು ಬಂದರೆ ಮುಖ ಹೇಗಿರುತ್ತದೆಂದು ಅವನು ನೋಡಿರಲಿಲ್ಲ. ಚೆಂದವಿತ್ತು.

ಅವನು ಫೋನನ್ನು ಅಮ್ಮನ ಕೈಯಿಂದ ತೆಗೆದುಕೊಂಡ. ನಾಚಿಕೆಯಿಂದ ಕಿವಿ ಸುಡುತ್ತಿತ್ತು; ಅದರೊಳಗೇ ಎಲ್ಲೋ ಕುಣಿಯಬೇಕೆಂಬ ಸಂತೋಷವೂ ಇತ್ತು, ಎರಡರಲ್ಲಿ ಯಾವುದು ದೊಡ್ಡದೆಂದು ಹೇಳುವುದು ಕಷ್ಟ. ಪಾ ಸಿನುರಾತ್ ಅವರಿಗೆ ಬರೆದ: ‘ಅಮ್ಮ ಬೇಡ ಅಂದರು.’ ಕಳಿಸುವ ಮುಂಚೆ ನೋಡಿದ. ತಪ್ಪನ್ನೆಲ್ಲ ಅಮ್ಮನ ತಲೆಗೆ ಕಟ್ಟಿದಂತಿತ್ತು. ಇನ್ನೊಂದು ಸಾಲು ಸೇರಿಸಿದ: ‘ನನಗೂ ಬೇಡ. ನನ್ನ ಪರೀಕ್ಷೆ ಪೂರ್ತಿ ಸುಳ್ಳು, ಸೋಮವಾರ ಶುರು ಮಾಡಬೇಡಿ.’ ಒತ್ತಿದ. ಭೂಮಿ ಬಿರಿಯುತ್ತದೆಂದು ಕಾದ. ಉತ್ತರ ಆ ಕ್ಷಣವೇ ಬಂತು: ‘ಸರಿ. ಮೊದಲೇ ಹೇಳೋಕೇನಾಗಿತ್ತು ಮಾರಾಯ?’ ಅಷ್ಟೇ. ಅವನು ಅದನ್ನು ಮತ್ತೊಮ್ಮೆ ಓದಿದ, ಕೆಳಗೆ ಇನ್ನೇನಾದರೂ ಬರುತ್ತದೇನೋ ಎಂದು ನೋಡಿದ. ಏನೂ ಬರಲಿಲ್ಲ.

ಅಮ್ಮ ಇನ್ನೂ ಮಣೆಯ ಮೇಲೇ ಕುಳಿತಿದ್ದರು. ಒಲೆಯ ಮೇಲೆ ಏನೋ ಸೀಯುವ ವಾಸನೆ ಬರುತ್ತಿತ್ತು, ಅಮ್ಮನಿಗೆ ಅದರ ಕಡೆ ಗಮನವಿರಲಿಲ್ಲ.

"ಆ ಗೋಡೆಗೆ ನೀನು ಬಳಿಸಿದ ಬಣ್ಣ ಇದ್ಯಲ್ಲ," ಎಂದರು ಅಮ್ಮ, ಗೋಡೆಯನ್ನೇ ದಿಟ್ಟಿಸಿ, "ನನಗೆ ಕಂಡ್ರಾಗಲ್ಲ."

"ಅಮ್ಮ?"

"ಹೋದ ಹಬ್ಬಕ್ಕೆ ತಂದ್ಯಲ್ಲ ಚಪ್ಪಲಿ, ಕಚ್ಚುತ್ತೆ. ನೀನು ಹಲ್ಲುಜ್ಜೋವಾಗ ಮಾಡೋ ಸದ್ದು ಬೀದಿಗೆಲ್ಲ ಕೇಳುತ್ತೆ. ನಿಮ್ಮಪ್ಪ ಕೊಡಿಸಿದ್ದ ಆ ಗಡಿಯಾರ ನನಗೆ ಯಾವತ್ತೂ ಇಷ್ಟ ಇರ್ಲಿಲ್ಲ, ಪಾಪ ಹೋದ್ರು, ಹೇಳೋಕಾಗ್ಲಿಲ್ಲ."

ಗಾಲಿಹ್ ಅಭ್ಯಾಸಬಲದಿಂದ ಫೋನು ತೆರೆದು ಇದನ್ನೆಲ್ಲ ಬರೆದುಕೊಳ್ಳಲು ಬೆರಳಿಟ್ಟ. ಅಮ್ಮ ಕೈ ಚಾಚಿ ಫೋನನ್ನು ಕಿತ್ತುಕೊಂಡು, ಮಡಿಲಲ್ಲಿ ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿದರು.

"ಬರ್ಕೋಬೇಡ, ಕೂತ್ಕೊಂಡು ಕೇಳು," ಎಂದರು. "ಇನ್ನೂ ಇದೆ."